ಓಟು ಏಪ್ರಿಲ್‌ನಲ್ಲಿ, ತುಕ್ಕು ಜೂನ್‌ನಲ್ಲಿ

‘ಪರವಾನಗಿ ಪಡೆದ ಆಯುಧಗಳನ್ನು ಕೂಡಲೇ ಸಮೀಪದ ಠಾಣೆಯಲ್ಲಿ ಠೇವಣಿ ಇಡತಕ್ಕದ್ದು.’ ಚುನಾವಣೆ ಬಂತೆಂದರೆ ಪೇಪರಿನ ಮೂಲೆಯಲ್ಲಿ ಇದು ಬಂದೇ ಬರುತ್ತದೆ. ಹಾಸನ, ಚಿಕ್ಕಮಗಳೂರಿನ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀತಿಸಂಹಿತೆ ಜಾರಿಯಾಯಿತು ಅಂದರೆ ಗೋಡೆಯ ಮೇಲಿನ ಕೋವಿ ಇಳಿಯಿತು ಅಂತಲೇ ಅರ್ಥ.

ಜೋಡುನಳಿಗೆ ಕೋವಿಯ ಮಾತು ಬಿಡಿ, ಅದು ಗಟ್ಟಿಜೀವ. ಅದರ ಜೊತೆಗೇ ಗೋಣಿತಾಟು ಸುತ್ತಿಸಿಕೊಂಡು ಠಾಣೆ ಸೇರುವ ಪಾಯಿಂಟ್ ಟೂ ಟೂ (0.22 ಇಂಚು ನಳಿಗೆಯ) ಗುರಿ ರೈಫಲ್ ಒಂದಿದೆ. ಜರ್ಮನಿಯ ಉಲ್ಮ್ ಊರಿನ ಆನ್‌ಶುಟ್ಸ್ ಕಂಪನಿಯ ಮ್ಯಾಚ್ 54 ವಂಶದ್ದು ಅಂತಿಟ್ಟುಕೊಳ್ಳಿ. 50 ಮೀಟರ್ ಆಚೆ 10.4 ಮಿಲಿಮೀಟರ್ ಅಗಲದ ಹತ್ತರ ಚುಕ್ಕೆಗೆ 2.6 ಗ್ರಾಂ ಸೀಸ ಮುಟ್ಟಿಸುವುದು ಬಿಟ್ಟರೆ ಅದಕ್ಕೆ ಬೇರೆ ಕಸುಬಿಲ್ಲ. ಹಳೆಯ ಸೂಪರ್ ಮ್ಯಾಚ್ ಆದರೆ ತೂಕ ಏಳು ಕಿಲೋ. ಮ್ಯಾಗಜೀನ್ ಇಲ್ಲ, ಒಂದು ಸಲಕ್ಕೆ ಒಂದೇ ತೋಟೆ.

ಇದನ್ನು ಹಿಡಿದು ಮತಗಟ್ಟೆ ವಶಪಡಿಸಿಕೊಳ್ಳಲು ಬರುವ ರೌಡಿ ಮೊದಲು ಚಾಪೆ ಹಾಸಬೇಕು. ದಪ್ಪ ಕ್ಯಾನ್ವಾಸ್ ಜಾಕೆಟ್ ತೊಟ್ಟು, ಎಡಗೈಗೆ ಗ್ಲೌಸ್ ಏರಿಸಿ, ತೋಳಿಗೆ ಸ್ಲಿಂಗ್ ಪಟ್ಟಿ ಬಿಗಿದು, ಬೋರಲು ಮಲಗಬೇಕು. ಗಾಳಿ ನಿಲ್ಲುವವರೆಗೆ ಕಾಯಬೇಕು. ಒಂದು ಹೊಡೆದು, ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಅಗುಳಿ) ತೆಗೆದು, ಇನ್ನೊಂದು ತೋಟೆಯನ್ನು ಬೆರಳಲ್ಲೇ ತುಂಬಬೇಕು. ಅಷ್ಟರಲ್ಲಿ ಸರತಿಯಲ್ಲಿದ್ದವರೆಲ್ಲ ಓಟು ಹಾಕಿ, ಬೆರಳಿನ ಶಾಯಿ ಒಣಗಿಸಿಕೊಂಡು ಮನೆಗೆ ಹೋಗಿರುತ್ತಾರೆ. ಏಜೆಂಟರು ಮಾತ್ರ ಪಾಪ, ಅವನಿಗೂ ಒಂದು ಕಾಫಿ ಹೇಳಿಯಾರು.

ಚುನಾವಣಾ ಆಯೋಗದ ಸೂಚನೆಯನ್ನೇ ಓದಿದರೆ, ಸ್ಕ್ರೀನಿಂಗ್ ಸಮಿತಿ ಒಂದೊಂದು ಪರವಾನಗಿಯನ್ನೂ ನೋಡಿ ಆಯುಧ ಇಡಬೇಕೋ ಬೇಡವೋ ಅಂತ ತೀರ್ಮಾನಿಸಬೇಕು. ಸ್ಪರ್ಧೆಗೆ ಹೋಗುವ ರಾಷ್ಟ್ರೀಯ ರೈಫಲ್ ಸಂಸ್ಥೆಯ ಸದಸ್ಯರಿಗೆ ವಿನಾಯಿತಿಯೂ ಇದೆ. ಕಾಗದದಲ್ಲಿ ಇದೆ. ಠಾಣೆಯ ಮೇಜಿನ ಮೇಲೆ ಮಾತ್ರ ‘ಎಲ್ಲರೂ ಇಟ್ಟಿದ್ದಾರೆ ಸಾರ್, ನೀವೂ ಇಟ್ಬಿಡಿ’ ಅನ್ನುವ ಕಲಮೇ ನಡೆಯುತ್ತದೆ.

2024ರ ಲೆಕ್ಕ ನೋಡಿ. ಚುನಾವಣೆ ಘೋಷಣೆಯಾದದ್ದು ಮಾರ್ಚ್ 16. ಹಾಸನ, ಚಿಕ್ಕಮಗಳೂರಿನವರು ಓಟು ಹಾಕಿದ್ದು ಏಪ್ರಿಲ್ 26. ಎಣಿಕೆ ಜೂನ್ 4. ಏಳು ಹಂತದ ಮತದಾನ ದೇಶ ಸುತ್ತಿ ಮುಗಿಯುವವರೆಗೆ ಸಕಲೇಶಪುರದ ರೈಫಲ್ ಯಾರ ಶಾಂತಿ ಕಾಪಾಡುತ್ತಿತ್ತೋ. ಮತಯಂತ್ರಗಳೂ ಅಷ್ಟೇ ದಿನ ಕಾದವು, ಆದರೆ ಸ್ಟ್ರಾಂಗ್ ರೂಮಿನಲ್ಲಿ, ಸಿಸಿಟಿವಿ ಕೆಳಗೆ, ಕಾವಲಿನೊಂದಿಗೆ. ರೈಫಲ್‌ಗೆ ಸಿಕ್ಕಿದ್ದು ಜಪ್ತಿಯಾದ ಬೈಕು, ಕಳ್ಳಭಟ್ಟಿ ಕ್ಯಾನುಗಳ ಸಹವಾಸ. ಬಿಡಿಸಿಕೊಳ್ಳುವ ಹೊತ್ತಿಗೆ ಮುಂಗಾರು.

ಈ ದಾಸ್ತಾನು ಕೋಣೆಗಳಿಗೆ ಲೋಹಶಾಸ್ತ್ರದ ಗೌರವ ಡಾಕ್ಟರೇಟ್ ಕೊಡಬೇಕು. ಗಾಳಿಯ ತೇವಾಂಶ ಶೇ 60 ದಾಟಿದರೆ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಮಲೆನಾಡಿನ ಜೂನ್ ಅದಕ್ಕೆ ಕಡಿಮೆ ಮಾಡುವುದುಂಟೇ? ಮುಟ್ಟಿದವರ ಬೆವರಿನ ಉಪ್ಪು ಅದಕ್ಕೆ ನೆರವು. ಗೋಣಿತಾಟು ನೀರು ಹೀರಿಕೊಂಡು ನಳಿಗೆಗೆ ಒತ್ತಿ ಹಿಡಿಯುತ್ತದೆ. ಸಂಖ್ಯೆಯ ಚೀಟಿಯನ್ನು ಗುರಿ ನೋಡುವ ಮುಂದಿನ ಸೈಟಿಗೇ ಜಿಐ ತಂತಿಯಲ್ಲಿ ಬಿಗಿಯುವುದು ಇಲಾಖೆಯ ಕಡೆಯಿಂದ ಅಲಂಕಾರ.

ಇನ್ನು ಎಣ್ಣೆ. ಎಲ್ಲೋ ಒಬ್ಬ ಒಳ್ಳೆಯ ಮನಸ್ಸಿನ ಪೇದೆ ಕನಿಕರದಿಂದ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ಬೋಲ್ಟಿಗೂ ಸವರುತ್ತಾನೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಚಿಕ್ಕಮಗಳೂರಿನ ಡಿಸೆಂಬರ್ ಬೆಳಿಗ್ಗೆ ಆ ರೈಫಲ್ ತೆಗೆದರೆ ಫೈರಿಂಗ್ ಪಿನ್ ತುಪ್ಪದೊಳಗೆ ನಡೆದಂತೆ ನಡೆಯುತ್ತದೆ. ಪೆಟ್ಟು ಮೆತ್ತಗಾಗಿ ತೋಟೆ ಹಾರುವುದೇ ಇಲ್ಲ. ನೂರು ಗ್ರಾಂ ಆಸುಪಾಸಿನ ಒತ್ತಡಕ್ಕೆ ಬಿಡುವ ಟ್ರಿಗರ್‌ಗೆ ಅದೇ ಎಣ್ಣೆ ಇಳಿದರೆ ಧೂಳು ಸೇರಿ ಅಂಟಾಗುತ್ತದೆ. ‘ಖಾಲಿ ಇದ್ಯಾ’ ಅಂತ ಪರೀಕ್ಷಿಸಲು ಬಂದವರೆಲ್ಲ ಟಕ್ ಅಂತ ಒತ್ತಿ ನೋಡುವುದು ಬೇರೆ. ರಿಮ್‌ಫೈರ್ ರೈಫಲ್‌ನಲ್ಲಿ ಪಿನ್ ಬಡಿಯಬೇಕಾದ್ದು ತೋಟೆಯ ಅಂಚಿಗೆ, ತೋಟೆ ಇಲ್ಲದಿದ್ದರೆ ಅದು ತೋಟೆ ಕೂರುವ ಗೂಡಾದ ಚೇಂಬರಿನ ಅಂಚಿಗೇ ಬಡಿದು ಅದನ್ನು ಚಚ್ಚಬಹುದು. ಆಮೇಲೆ ತೋಟೆ ಒಳಗೆ ಹೋಗಲೂ ತಕರಾರು, ಹೊರಗೆ ಬರಲೂ ತಕರಾರು.

ತಮಾಷೆಯೆಂದರೆ ತೇವಾಂಶ ಅಂದರೇನು ಅಂತ ಈ ಎರಡು ಜಿಲ್ಲೆಗಳಿಗೆ ಯಾರೂ ಕಲಿಸಬೇಕಿಲ್ಲ. ಬಾಳೆಹೊನ್ನೂರಿನ ಹತ್ತಿರ ಕಾಫಿ ಸಂಶೋಧನಾ ಕೇಂದ್ರವೇ ಇದೆ. ಕಾಫಿ ಹತ್ತು ಹನ್ನೊಂದು ಪರ್ಸೆಂಟ್‌ಗೆ ಒಣಗದಿದ್ದರೆ ಅದನ್ನು ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನವರು ಮೀಟರ್ ತೋರಿಸಿ ಮೂಟೆ ವಾಪಸ್ ಕಳಿಸುತ್ತಾರೆ. ಅದೇ ಕ್ಯೂರಿಂಗ್ ಗೋಡೌನಿನ ಒಂದು ಮೂಲೆ ಬಾಡಿಗೆಗೆ ಹಿಡಿದಿದ್ದರೆ ಸಾಕಿತ್ತು. ರೈಫಲ್‌ನ ವಾಲ್‌ನಟ್ ಸ್ಟಾಕ್ ಕೂಡ ಮರವೇ, ತೇವ ಕುಡಿದು ಉಬ್ಬುತ್ತದೆ. ಆಗ ಆ್ಯಕ್ಷನ್ (ಬೋಲ್ಟ್ ಇರುವ ಲೋಹದ ಭಾಗ) ಕೂತ ಜಾಗ ಬದಲಾಗಿ, ನಿನ್ನೆ ಹತ್ತಕ್ಕೆ ಹೋಗುತ್ತಿದ್ದ ಗುಂಡು ಇವತ್ತು ಎಂಟಕ್ಕೆ.

ಸರ್ಕಾರವನ್ನು ಪೂರ್ತಿ ಬೈಯುವುದೂ ತಪ್ಪು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದರೂ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸದೆ ರೈಫಲ್ ಸಂರಕ್ಷಣೆಗೆ ಮಾಡಿದ ಸೇವೆ ಸಣ್ಣದಲ್ಲ.

2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ತ್ರೀ ಪೊಸಿಷನ್‌ನಲ್ಲಿ (ಮಂಡಿಯೂರಿ, ಮಲಗಿ, ನಿಂತು ಹೊಡೆಯುವ ಸ್ಪರ್ಧೆ) ಕಂಚು ಗೆದ್ದರು. ಅದೂ ಇದೇ ಪಾಯಿಂಟ್ ಟೂ ಟೂ. ಅಭಿನಂದನೆಯ ಮಳೆ ಸುರಿಯಿತು. ಎರಡು ತಿಂಗಳ ಹಿಂದಷ್ಟೇ ಇದೇ ಜಾತಿಯ ರೈಫಲ್‌ಗಳು ಕಳ್ಳಭಟ್ಟಿ ಕ್ಯಾನಿನ ಪಕ್ಕದಲ್ಲಿದ್ದವು. ಸಾಕಾಗಿಹೋಗಿದೆ. ನಳಿಗೆಯ ಬಾಯಿಯ ಹತ್ತಿರ ಒಂದು ತುಕ್ಕಿನ ಗುಳಿ ಬಿದ್ದರೆ ಆ ರೈಫಲ್‌ನ ಕತೆ ಮುಗಿದಂತೆ. ಗುಂಡು ಕೊನೆಯದಾಗಿ ಮುಟ್ಟುವುದು ಆ ಅಂಚನ್ನೇ. ಅದಕ್ಕೆ ಪರಿಹಾರ ಕೊಡುವ ಅರ್ಜಿ ನಮೂನೆ ಯಾವ ಠಾಣೆಯಲ್ಲೂ ಸಿಗುವುದಿಲ್ಲ.

ಕೊಡಲೇಬೇಕು ಅಂತಾದರೆ ಹೀಗೆ ಕೊಡಿ. ಬೋಲ್ಟ್ ತೆಗೆದು, ರಾಡ್ ನೇರ ಹೋಗಲು ಬೋರ್ ಗೈಡ್ ಹಾಕಿ, ಚೇಂಬರ್ ಕಡೆಯಿಂದಲೇ ಶುಚಿ ಮಾಡುವ ರಾಡ್ ತೂರಿಸಿ. ಬಾಯಿ ಕಡೆಯಿಂದ ತೂರಿಸಿದರೆ ಅಂಚು ಸವೆಯುತ್ತದೆ. ಚೇಂಬರಿನ ಮುಂದೆ ಕಟ್ಟಿದ ಗಟ್ಟಿ ಮಸಿಯನ್ನು ಸಾಲ್ವೆಂಟ್ ಹಾಕಿ ನೆನೆಸಿ ತೆಗೆಯಿರಿ. ಒಣ ಬಟ್ಟೆ ಓಡಿಸಿದ ಮೇಲೆ ಗನ್ ಆಯಿಲ್ ತೆಳ್ಳಗೆ ಒಂದು ಪದರ. ಹೊರಮೈಗೆ ಮೇಣ. ಸಣ್ಣ ತೂತಿನಲ್ಲಿ ಗುರಿ ನೋಡುವ ಹಿಂದಿನ ಡಯಾಪ್ಟರ್ ಸೈಟ್ ಬಿಚ್ಚಿ ಮನೆಯಲ್ಲೇ ಇಡಿ. ಹೆಗಲಿಗೆ ಒತ್ತುವ ಬಟ್ ಪ್ಲೇಟ್, ಎಡಗೈ ತಡೆಯುವ ಹ್ಯಾಂಡ್ ಸ್ಟಾಪ್ ಇದ್ದ ಜಾಗ ಗುರುತು ಹಾಕಿಕೊಳ್ಳಿ. ಸ್ಪಾಂಜ್ ಪೆಟ್ಟಿಗೆ ಬೇಡ, ಅದೂ ನೀರು ಹಿಡಿಯುತ್ತದೆ. ತುಕ್ಕು ತಡೆಯುವ ವಿಸಿಐ ಚೀಲ, ಒಳಗೆ ಸಿಲಿಕಾ ಜೆಲ್. ವಾಪಸ್ ಬಂದ ಮೇಲೆ ಎಣ್ಣೆ ಪೂರ್ತಿ ಒರೆಸದೆ ಹೊಡೆಯಬೇಡಿ. ಸ್ಟಾಕ್ ಸ್ಕ್ರೂಗಳನ್ನು ಟಾರ್ಕ್ ಸ್ಪಾನರ್‌ನಲ್ಲಿ 4ರಿಂದ 6 ನ್ಯೂಟನ್ ಮೀಟರ್ ನಡುವೆ, ಮೊದಲಿದ್ದಷ್ಟಕ್ಕೇ ಬಿಗಿಯಿರಿ. ಮೊದಲ ಹತ್ತಿಪ್ಪತ್ತು ಗುಂಡು ಎಲ್ಲೆಂದರಲ್ಲಿ ಹೋದರೆ ಗಾಬರಿ ಬೇಡ, ತೋಟೆಯ ಮೇಣ ನಳಿಗೆಗೆ ಮತ್ತೆ ಕೂರಬೇಕು.

ರಸೀದಿಯಲ್ಲಿ ರೈಫಲ್ ಸಂಖ್ಯೆಯ ಜೊತೆ ಬೋಲ್ಟ್ ಸಂಖ್ಯೆಯನ್ನೂ ಬರೆಸಿಕೊಳ್ಳಿ. ಒಂದೇ ಬಗೆಯ ಎರಡು ರೈಫಲ್ ಒಂದೇ ಠಾಣೆಗೆ ಬಂದರೆ ಬೋಲ್ಟ್ ಅದಲುಬದಲಾಗುವುದು ಸುಲಭ, ಆಗ ಹೆಡ್‌ಸ್ಪೇಸ್ (ಬೋಲ್ಟಿಗೂ ತೋಟೆ ಕೂರುವ ಜಾಗಕ್ಕೂ ನಡುವಿನ ಅಂತರ) ಕೆಟ್ಟು ತೋಟೆಯ ಅಂಚೇ ಒಡೆಯಬಹುದು. ‘ಅದೆಲ್ಲಾ ಬರೆಯಕ್ಕೆ ಕಾಲಂ ಇಲ್ಲ ಸಾರ್’ ಅಂತಾರೆ. ಹಿಂಬದಿ ಖಾಲಿ ಇರುತ್ತದೆ, ಅಲ್ಲಿ ಬರೆಸಿ, ಸೀಲು ಹಾಕಿಸಿ.