ಯಾವ ನೀರಿನಲ್ಲಿ, ಸ್ವಾಮಿ?

ಮೊನ್ನೆ ತೀರ್ಥಹಳ್ಳಿ ಕಡೆಯ ಒಂದು ಸಭಾಂಗಣದಲ್ಲಿ ಅಡಿಕೆ ಬೆಳೆಗಾರರಿಗೆಂದು ಏರ್ಪಡಿಸಿದ್ದ ಮಾಹಿತಿ ಕಾರ್ಯಕ್ರಮಕ್ಕೆ ಹೋಗಿದ್ದೆ. ಕೊಳೆರೋಗಕ್ಕೆ ಹೊಸದಾಗಿ ಬಂದಿದೆ ಎನ್ನಲಾದ ತಾಮ್ರದ ಔಷಧಿಯೊಂದನ್ನು ಪರಿಚಯಿಸಲು ಬಂದಿದ್ದ ಯುವಕ ಪರದೆಯ ಮೇಲೆ ಹಸಿರು ಮೀನಿನ ಚಿತ್ರವೊಂದನ್ನು ಮೂಡಿಸಿ, ಅದರ ಪಕ್ಕದಲ್ಲೊಂದು ದೊಡ್ಡ ರೈಟ್ ಮಾರ್ಕು ತೋರಿಸಿ, “ಮೀನಿಗೂ ಸುರಕ್ಷಿತ, 96 ಗಂಟೆಗಳ ಟೆಸ್ಟ್ ಪಾಸಾಗಿದೆ” ಎಂದು ಹೇಳಿ ಮುಂದಿನ ಚಿತ್ರಕ್ಕೆ ಜಾರಿಬಿಟ್ಟ. ಪ್ರಯೋಗಾಲಯದಲ್ಲಿ ಇಂಥವೇ ಮೀನು ಪರೀಕ್ಷೆಗಳ ಗಾಜಿನ ತೊಟ್ಟಿಗಳ ಮುಂದೆ ಕೂತು ಕೂತೇ ಕನ್ನಡಕದ ನಂಬರು ಏರಿಸಿಕೊಂಡ ನನ್ನಂಥವನು ಇಂಥ ಹೊತ್ತಿನಲ್ಲಿ ಸುಮ್ಮನಿರಲಾರ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಎದ್ದು ನಿಂತು, “ಯಾವ ನೀರಿನಲ್ಲಿ ಟೆಸ್ಟ್ ಮಾಡಿದ್ದು?” ಎಂದು ಕೇಳಿದೆ. “ಸ್ಟ್ಯಾಂಡರ್ಡ್ ವಾಟರ್ ಸಾರ್” ಎಂದ. ಅಷ್ಟು ಹೊತ್ತಿಗೆ ಅಡುಗೆಮನೆಯ ಕಡೆಯಿಂದ ಒಗ್ಗರಣೆಯ ವಾಸನೆ ಬರತೊಡಗಿದ್ದರಿಂದ ಸಭೆಗೆ ಆ ಉತ್ತರವೇ ಸಾಕಾಯಿತು. ನನಗೆ ಸಾಕಾಗಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲಿಗೆ, ಆ ಪರೀಕ್ಷೆಯಲ್ಲಿ ಪಾಸು-ಫೇಲು ಎಂಬುದೇ ಇಲ್ಲ. ರಾಸಾಯನಿಕವೊಂದು ಅಲ್ಪಾವಧಿಯಲ್ಲಿ ಸಿಹಿನೀರಿನ ಮೀನಿಗೆ ಎಷ್ಟು ವಿಷ ಎಂದು ಅಳೆಯಲು ಜಗತ್ತೆಲ್ಲ ಬಳಸುವುದು ಮುಂದುವರಿದ ದೇಶಗಳ ಆರ್ಥಿಕ ಸಹಕಾರ ಕೂಟವಾದ ಒಇಸಿಡಿ ಸಂಸ್ಥೆಯ 203ನೇ ಮಾರ್ಗಸೂಚಿಯನ್ನು. ಅದು 1981ರಲ್ಲಿ ಬಂದದ್ದು, 1992ರಲ್ಲೂ 2019ರಲ್ಲೂ ಪರಿಷ್ಕಾರಗೊಂಡದ್ದು. ಕನಿಷ್ಠ ಐದು ತೊಟ್ಟಿಗಳಲ್ಲಿ ಏರುತ್ತಾ ಹೋಗುವ ಐದು ಪ್ರಮಾಣಗಳಲ್ಲಿ ವಿಷವನ್ನು ಬೆರೆಸಿ, ಒಂದೊಂದಕ್ಕೂ ಕನಿಷ್ಠ ಏಳು ಮೀನುಗಳನ್ನು ಬಿಟ್ಟು, ಪಕ್ಕದಲ್ಲಿ ವಿಷವಿಲ್ಲದ ನೀರಿನ ತೊಟ್ಟಿಯೊಂದನ್ನೂ ಇಟ್ಟು, ಆಹಾರ ಕೊಡದೆ, ನಾಲ್ಕು ದಿನ ನೋಡಬೇಕು. ಮೀನಿನ ಕಿವಿರು ಆಡುವುದು ನಿಂತು, ಬಾಲದ ಬುಡವನ್ನು ಗಾಜಿನ ಕಡ್ಡಿಯಿಂದ ಮುಟ್ಟಿದರೂ ಅಲುಗದಿದ್ದರೆ ಅದನ್ನು ಸತ್ತಿದೆ ಎಂದು ಬರೆದುಕೊಳ್ಳಬೇಕು. ವಿಷವಿಲ್ಲದ ತೊಟ್ಟಿಯಲ್ಲೇ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮೀನು ಸತ್ತರೆ ಇಡೀ ಪರೀಕ್ಷೆಯೇ ರದ್ದು. ಇಷ್ಟೆಲ್ಲ ಆದ ಮೇಲೆ ಲೆಕ್ಕ ಹಾಕಿ ತೆಗೆಯುವ ಅಂಕಿಗೆ ಎಲ್‌ಸಿ50 ಎಂದು ಹೆಸರು. 96 ಗಂಟೆಗಳಲ್ಲಿ ಅರ್ಧದಷ್ಟು ಮೀನುಗಳನ್ನು ಕೊಲ್ಲುವ ಪ್ರಮಾಣ ಅದು. ಅರ್ಧ ಮೀನು ಸಾಯುವ ಪ್ರಮಾಣವನ್ನು ತೋರಿಸಿ ಸುರಕ್ಷಿತ ಎನ್ನುವವರಿಗೆ, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ನಾವು ಸಿಕ್ಕಿದ್ದೇವೆ.

ಈ ಅಂಕಿಯ ಮಿತಿ ಅದನ್ನು ದಿನವೂ ಬಳಸುವವರಿಗೆ ಚೆನ್ನಾಗಿಯೇ ಗೊತ್ತು. ಯುರೋಪಿನ ರಾಸಾಯನಿಕ ನಿಯಂತ್ರಣದಲ್ಲಿ ಪಾಚಿ, ನೀರುಚಿಗಟ, ಮೀನು ಈ ಮೂರರ ಅಲ್ಪಾವಧಿ ಪರೀಕ್ಷೆಗಳಷ್ಟೇ ಕೈಯಲ್ಲಿದ್ದರೆ, ಅವುಗಳಲ್ಲಿ ಅತ್ಯಂತ ಕಡಿಮೆ ಬಂದ ಅಂಕಿಯನ್ನು ಸಾವಿರದಿಂದ ಭಾಗಿಸಿ, ನೀರಿನಲ್ಲಿ ಅದಕ್ಕಿಂತ ಹೆಚ್ಚು ಇರಬಾರದು ಎಂದು ಲೆಕ್ಕ ಹಾಕುತ್ತಾರೆ. ಸಾವಿರದಿಂದ! ಪ್ರಯೋಗಾಲಯದ ನಾಲ್ಕು ದಿನಕ್ಕೂ ಹೊಳೆಯ ನಾಲ್ಕು ತಿಂಗಳಿಗೂ ನಡುವೆ ಎಷ್ಟು ಅಂತರವಿದೆ ಎಂಬುದಕ್ಕೆ ಆ ಶಾಸ್ತ್ರದವರೇ ಇಟ್ಟುಕೊಂಡಿರುವ ಅಳತೆ ಅದು. ಹಾಗಾಗಿ ನನ್ನ ಜಗಳ ಪರೀಕ್ಷೆಯ ಜೊತೆಗಲ್ಲ. ಪರೀಕ್ಷೆ ತನ್ನ ಮಟ್ಟಿಗೆ ಪ್ರಾಮಾಣಿಕವಾಗಿದೆ. ಯಾವ ಮೀನು, ಎಷ್ಟು ಉಷ್ಣಾಂಶ, ಎಷ್ಟು ಆಮ್ಲಜನಕ, ಎಂಥ ನೀರು ಎಂಬುದನ್ನೆಲ್ಲ ವರದಿಯಲ್ಲಿ ಬರೆಯಲೇಬೇಕೆಂದು ಅದೇ ಕಟ್ಟುಪಾಡು ಹಾಕುತ್ತದೆ. ಆ ವರದಿ ನಮ್ಮೂರಿನ ಪರದೆಯವರೆಗೆ ಬರುವಷ್ಟರಲ್ಲಿ ನೀರೆಲ್ಲ ಆವಿಯಾಗಿ ರೈಟ್ ಮಾರ್ಕು ಮಾತ್ರ ಉಳಿದಿರುತ್ತದೆ.

ನೀರಿನ ವಿಷಯಕ್ಕೇ ಏಕೆ ಇಷ್ಟು ಹಟ ಹಿಡಿಯುತ್ತೇನೆಂದರೆ, ಬೇರೆ ವಿಷಗಳ ಮಾತು ಹೇಗಾದರೂ ಇರಲಿ, ತಾಮ್ರದ ಮಟ್ಟಿಗೆ ಅರ್ಧ ಕಥೆ ನೀರಿನದೇ. ತಾಮ್ರ ಮೀನನ್ನು ಹಿಡಿಯುವುದು ಕಿವಿರಿನಲ್ಲಿ. ಸಿಹಿನೀರಿನ ಮೀನು ತನ್ನ ಮೈಯಿಂದ ಸದಾ ಸೋರಿಹೋಗುವ ಸೋಡಿಯಂ ಲವಣವನ್ನು ಕಿವಿರಿನ ಮೂಲಕ ನೀರಿನಿಂದ ಮತ್ತೆ ಎಳೆದುಕೊಳ್ಳುತ್ತಾ ಬದುಕಿರುತ್ತದೆ. ತಾಮ್ರದ ಅಯಾನುಗಳು ಹೋಗಿ ಆ ದಾರಿಯನ್ನೇ ಮುಚ್ಚುತ್ತವೆ. ಮೀನು ಮೊದಲು ಚಡಪಡಿಸುತ್ತದೆ, ಕಿವಿರಿನ ಮೇಲೆ ಲೋಳೆ ಕಟ್ಟುತ್ತದೆ, ಮೇಲೆ ಬಂದು ಬಾಯಿ ಬಿಡುತ್ತದೆ, ಆಮೇಲೆ ಸಮತೋಲ ತಪ್ಪಿ ಒಂದು ಪಕ್ಕಕ್ಕೆ ವಾಲಿಕೊಂಡೇ ಈಜುತ್ತದೆ. ಆದರೆ ನೀರು ಗಡಸಾಗಿದ್ದರೆ, ಅಂದರೆ ಅದರಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೆ, ಆ ಕ್ಯಾಲ್ಸಿಯಂ ತಾಮ್ರಕ್ಕಿಂತ ಮೊದಲು ಹೋಗಿ ಕಿವಿರಿನ ಮೇಲಿನ ಜಾಗ ಹಿಡಿದುಕೊಂಡು ಮೀನನ್ನು ಬಹುಮಟ್ಟಿಗೆ ಕಾಯುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹಿಂದೆ ಗಡಸುತನವನ್ನೇ ಆಧರಿಸಿ ತಾಮ್ರದ ಮಿತಿಯನ್ನು ಹಾಕುತ್ತಿತ್ತು: ಲೀಟರಿಗೆ 100 ಮಿಲಿಗ್ರಾಂ ಗಡಸುತನದ ನೀರಿಗೆ ಸುಮಾರು 13 ಮೈಕ್ರೋಗ್ರಾಂ, 50ರ ನೀರಿಗೆ ಸುಮಾರು 7. ನೀರು ಮೆದುವಾದಷ್ಟೂ ಮಿತಿ ಇಳಿಯುತ್ತಲೇ ಹೋಗುತ್ತದೆ. 2007ರಲ್ಲಿ ಅವರು ಅದನ್ನೂ ಸಾಲದೆಂದು, ನೀರಿನ ಆಮ್ಲೀಯತೆ, ಕರಗಿದ ಸಾವಯವ ಅಂಶಗಳನ್ನೂ ಲೆಕ್ಕಕ್ಕೆ ಸೇರಿಸಿಕೊಂಡರು.

ಈಗ ನಮ್ಮ ನೀರಿಗೆ ಬನ್ನಿ. ಚಿತ್ರದುರ್ಗದ ಕಡೆಯ ನೆಂಟರು ಮಳೆಗಾಲದಲ್ಲಿ ನಮ್ಮ ಮನೆಗೆ ಬಂದು ಅಬ್ಬಿಯ ನೀರಿನಲ್ಲಿ ಸ್ನಾನ ಮಾಡಿದರೆ, “ಎಷ್ಟು ಹೊಯ್ದುಕೊಂಡರೂ ಸೋಪು ಹೋಗೋದೇ ಇಲ್ಲವಲ್ಲ ಮಾರಾಯಾ” ಎಂದು ಬಚ್ಚಲಿಂದಲೇ ಕೂಗುತ್ತಾರೆ. ಅವರೂರಿನ ಬೋರ್‌ವೆಲ್ ನೀರಿಗೆ ಬಿಳಿ ಕರೆ ಹಿಡಿಯದ ಪಾತ್ರೆಯಿಲ್ಲ. ನಮ್ಮ ಹಂಡೆಗಳಿಗೆ ಮಸಿ ಹಿಡಿಯುವುದು ಹೊರಗಿನಿಂದ ಮಾತ್ರ. ತುಂಗಾ ಪಾನ ಎಂದು ನಾವು ಕೊಚ್ಚಿಕೊಳ್ಳುವ ರುಚಿಯ ಗುಟ್ಟೂ ಬಹುಪಾಲು ಇದೇ ಮೆದುತನ. ಇನ್ನು ಆ ಯುವಕನ ಸ್ಟ್ಯಾಂಡರ್ಡ್ ವಾಟರ್. ಮಾರ್ಗಸೂಚಿ ಒಪ್ಪುವ ನೀರಿನ ಗಡಸುತನ 10ರಿಂದ 250 ಮಿಲಿಗ್ರಾಂವರೆಗೆ ಎಲ್ಲಿ ಬೇಕಾದರೂ ಇರಬಹುದು. ಶುದ್ಧ ನೀರಿಗೆ ಲವಣಗಳನ್ನು ಬೆರೆಸಿ ಪ್ರಯೋಗಾಲಯದಲ್ಲಿ ತಯಾರಿಸಿಕೊಳ್ಳಬಹುದೆಂದು ಅದೇ ಮಾರ್ಗಸೂಚಿಯ ಅನುಬಂಧದಲ್ಲಿ ಕೊಟ್ಟಿರುವ ನೀರಿದೆಯಲ್ಲ, ಲೀಟರಿಗೆ 294 ಮಿಲಿಗ್ರಾಂ ಕ್ಯಾಲ್ಸಿಯಂ ಕ್ಲೋರೈಡು, 123.25 ಮಿಲಿಗ್ರಾಂ ಮೆಗ್ನೀಸಿಯಂ ಸಲ್ಫೇಟು ಇತ್ಯಾದಿ, ಅದರ ಗಡಸುತನ ಲೆಕ್ಕ ಹಾಕಿದರೆ ಸರಿಯಾಗಿ 250. ಒಪ್ಪಿತ ಮಿತಿಯ ಮೇಲ್ತುದಿ! ಬಯಲುಸೀಮೆಯ ಬೋರ್‌ವೆಲ್‌ನಂಥ ನೀರಿನಲ್ಲಿ ಮೀನು ತಾಳಿಕೊಂಡಿತೆಂದು ಹೇಳಿ ಆಗುಂಬೆಯ ಕೆಳಗೂ ಮೇಲೂ ಹರಿಯುವ ಹಳ್ಳಗಳಿಗೆ ಭರವಸೆ ಕೊಡುವುದು ಯಾವ ನ್ಯಾಯ?

“ನಮ್ಮ ಅಜ್ಜನ ಕಾಲದಿಂದ ಮೈಲುತುತ್ತ ಹೊಡೆಯುತ್ತಿದ್ದೇವೆ, ಯಾವ ಮೀನು ಸತ್ತಿದೆ?” ಎಂದು ಊಟದ ಸಾಲಿನಲ್ಲಿ ಪಕ್ಕದಲ್ಲಿ ನಿಂತಿದ್ದವರು ಕೇಳಿದರು. ಪ್ರಶ್ನೆಯಲ್ಲಿ ಹುರುಳಿದೆ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟು; ಅದಕ್ಕೆ ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣವು ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿ ತೋಟಗಳಿಗಾಗಿ ಸಸ್ಯವಿಜ್ಞಾನಿ ಮಿಯಾರ್ಡೆ 1885ರಲ್ಲಿ ಪ್ರಕಟಿಸಿದ್ದು. ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಕೊಳೆರೋಗದ ಮೂಲವನ್ನು ಹುಡುಕಿ, 1910ರ ಸುಮಾರಿಗೆ ಆ ದ್ರಾವಣವನ್ನು ಅಡಿಕೆಗೆ ಹತ್ತಿಸಿದ ಮೇಲೆ ನಮ್ಮ ಎಷ್ಟು ತೋಟಗಳು ಉಳಿದುಕೊಂಡವೆಂಬುದಕ್ಕೆ ಲೆಕ್ಕವಿಲ್ಲ. ನಮ್ಮ ತೋಟಕ್ಕೂ ಪ್ರತಿ ವರ್ಷ ಹೊಡೆಸುತ್ತೇನೆ, ಮುಂದೆಯೂ ಹೊಡೆಸುತ್ತೇನೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಸರಿಯಾಗಿ ಬೆರೆತರೆ ಸುಣ್ಣವು ತಾಮ್ರವನ್ನು ಕರಗದ ರೂಪದಲ್ಲಿ ಹಿಡಿದಿಡುತ್ತದೆ. ಹದ ಬಂದಿದೆಯೇ ಎಂದು ನೋಡಲು ನಮ್ಮ ಹಳಬರು ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯುತ್ತಿದ್ದರು. ಅಲಗಿನ ಮೇಲೆ ಕೆಂಪು ಬಣ್ಣ ಕೂತಿದ್ದರೆ ತಾಮ್ರ ಇನ್ನೂ ಬಿಡಿಯಾಗಿದೆ, ಇನ್ನಷ್ಟು ಸುಣ್ಣದ ತಿಳಿ ಬೇಕು ಎಂದು ಲೆಕ್ಕ. ಅವರು ಅದನ್ನು ಮಾಡುತ್ತಿದ್ದುದು ಎಳೆಗಾಯಿ ಸುಡದಿರಲಿ ಎಂದು. ಮೀನನ್ನು ಕೊಲ್ಲುವುದೂ ಅದೇ ಬಿಡಿ ತಾಮ್ರವೇ. ಅಜ್ಜನ ಕಾಲದ ಮಾತೆತ್ತುವವರು ಅಜ್ಜನ ಕತ್ತಿಯನ್ನೂ ನೆನಪಿಟ್ಟುಕೊಂಡರೆ ನನಗೆ ತಕರಾರಿಲ್ಲ.

ಆದರೆ ನೆನಪಿಟ್ಟುಕೊಳ್ಳುವುದಿಲ್ಲ. ಮದ್ದು ಹೊಡೆದು ಮುಗಿದ ಸಂಜೆ ಡ್ರಮ್ಮು, ಪೈಪು, ಮೈಲುತುತ್ತದ ಖಾಲಿ ಚೀಲ ಎಲ್ಲವನ್ನೂ ತಂದು ಹಳ್ಳದಲ್ಲಿ ಜಾಲಿಸುವುದನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರ. ಅಂದರೆ ಒಂದು ಲೀಟರ್ ಬೋರ್ಡೋ ದ್ರಾವಣದಲ್ಲಿ ಸುಮಾರು 2500 ಮಿಲಿಗ್ರಾಂ. ಮೇಲೆ ಹೇಳಿದ ಮಿತಿಗಳು ಮೈಕ್ರೋಗ್ರಾಂ ಲೆಕ್ಕದವು, ಮಿಲಿಗ್ರಾಮಿನ ಸಾವಿರದಲ್ಲೊಂದು ಭಾಗದವು, ಎಂಬುದನ್ನು ಮರೆಯಬೇಡಿ. ಅದೂ ಯಾವ ಸಮಯದಲ್ಲಿ? ಮೊದಲ ಸುತ್ತಿನ ಔಷಧಿ ಮಳೆ ಹಿಡಿಯುವ ಹೊತ್ತಿಗೆ. ಹತ್ತುಮೀನುಗಳು ಮೊಟ್ಟೆ ಹೊತ್ತುಕೊಂಡು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ಕಾಲುವೆಗೆ ಏರಿ ಬರುವುದೂ ಅದೇ ಹೊತ್ತಿಗೆ. ಕೊಲ್ಲುವ ಪ್ರಮಾಣಕ್ಕಿಂತ ಎಷ್ಟೋ ಕಡಿಮೆ ತಾಮ್ರವೂ ಸಾಲ್ಮನ್ ಜಾತಿಯ ಮೀನುಗಳ ವಾಸನೆ ಹಿಡಿಯುವ ಶಕ್ತಿಯನ್ನು ಕುಂದಿಸುತ್ತದೆಂದು ಕಂಡುಕೊಂಡಿದ್ದಾರೆ. ಬಾಲದ ಬುಡ ಮುಟ್ಟಿ ಸತ್ತಿತೇ ಇಲ್ಲವೇ ಎಂದು ನೋಡುವ ಲೆಕ್ಕಕ್ಕೆ ಇದು ಸಿಗುವುದಿಲ್ಲ. ಪಕ್ಕಕ್ಕೆ ವಾಲುವುದು, ಉಸಿರಾಟ ಕೆಡುವುದು ಮುಂತಾದ ಚಿಹ್ನೆಗಳನ್ನು ವಿವರವಾಗಿ ದಾಖಲಿಸಬೇಕೆಂದು 2019ರ ಪರಿಷ್ಕಾರ ಒತ್ತಿ ಹೇಳಿರುವುದು ಒಳ್ಳೆಯದೇ, ಆದರೆ ಅದೂ ತೊಟ್ಟಿಯೊಳಗಿನ ಮಾತು.

ಮೊದಲ ಮಳೆಯ ಕೆಂಪು ನೀರಿನಲ್ಲಿ ಕೊಳೆತ ದರಗಿನ ರಸ ತುಂಬಿರುತ್ತದೆ, ಅದು ತಾಮ್ರವನ್ನು ಕಟ್ಟಿಹಾಕುತ್ತದೆ, ಆದ್ದರಿಂದ ಅಪಾಯವಿಲ್ಲ ಎಂದು ಓದಿಕೊಂಡ ಒಬ್ಬ ಗೆಳೆಯ ಫೋನಿನಲ್ಲಿ ವಾದಿಸಿದ. ಕಟ್ಟಿಹಾಕುತ್ತದೆ, ನಿಜ. ಎಷ್ಟು ಕಟ್ಟಿಹಾಕುತ್ತದೆ ಎಂಬುದನ್ನು ಆ ನೀರನ್ನೇ ತಂದು ತೊಟ್ಟಿಗೆ ಹಾಕಿ ನೋಡಿ ಎಂದೇ ನಾನೂ ಗಂಟಲು ಹರಿದುಕೊಳ್ಳುತ್ತಿರುವುದು. ಅನುಕೂಲವಾದಾಗ ನಮ್ಮ ನೀರು, ಅನನುಕೂಲವಾದಾಗ ಸ್ಟ್ಯಾಂಡರ್ಡ್ ವಾಟರ್ ಎಂದರೆ ಹೇಗೆ?

ಇನ್ನು ಮೀನಿನ ವಿಷಯ. ಪರದೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇದ್ದದ್ದು ಸಾಮಾನ್ಯ ಗೆಂಡೆ, ಅಂದರೆ ಕಾಮನ್ ಕಾರ್ಪ್. ಗಟ್ಟಿ ಜೀವದ, ರಾಡಿಯಲ್ಲೂ ಬದುಕುವ ಮೀನು. ಪ್ರಯೋಗಾಲಯಗಳ ಇನ್ನೊಂದು ಅಚ್ಚುಮೆಚ್ಚಿನ ಮೀನಾದ ಪಟ್ಟೆಪಟ್ಟೆಯ ಜೀಬ್ರಾ ಮೀನನ್ನು ಗಂಗೆಯ ಬಯಲಿನಿಂದ ತೆಗೆದು 1822ರಲ್ಲಿ ಶಾಸ್ತ್ರಕ್ಕೆ ಪರಿಚಯಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಬುಕಾನನ್ ಎಂಬ ಹೆಸರಿನಲ್ಲಿ 1801ರಲ್ಲಿ ನಮ್ಮ ಬಿದನೂರು ನಗರ, ಇಕ್ಕೇರಿಗಳನ್ನೆಲ್ಲ ಸುತ್ತಿ ಅಡಿಕೆ ತೋಟದ ಲೆಕ್ಕ ಬರೆದುಕೊಂಡು ಹೋದವನೂ ಅವನೇ. ಅವನು ಹೋಗಿ ಇಷ್ಟು ಕಾಲವಾದರೂ ಶೃಂಗೇರಿಯ ಮೆಟ್ಟಿಲ ಬಳಿ ಮಂಡಕ್ಕಿಗೆ ಮುತ್ತುವ, ಚಿಬ್ಬಲಗುಡ್ಡೆಯ ಮಡುವಿನಲ್ಲಿ ಮೈ ಹೊಳೆಯಿಸುವ ದೇವರ ಮೀನುಗಳ ಮರಿಗಳು ನಮ್ಮ ನೀರಿನಲ್ಲಿ ಎಷ್ಟು ತಾಮ್ರ ತಾಳುತ್ತವೆ ಎಂದು ಔಷಧಿ ಮಾರಲು ಬಂದ ಯಾರೊಬ್ಬರೂ ಪರದೆಯ ಮೇಲೆ ತೋರಿಸಿದ್ದನ್ನು ನಾನು ಕಂಡಿಲ್ಲ. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳನ್ನು ನಂಬೋಣವೆಂದರೆ, ಅವು ಮನುಷ್ಯರಿಗಾಗುವ ಅಪಾಯವನ್ನು ಇಲಿಗಳ ಮೇಲೆ ಅಳೆದು ಹಾಕಿದ ಗುರುತುಗಳು. ಹಸಿರು ತ್ರಿಕೋನ ಹೊತ್ತ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಜಲಚರಗಳಿಗೆ ಘೋರ ವಿಷ. ತ್ರಿಕೋನದೊಳಗೆ ಹಳ್ಳಕ್ಕೆ ಜಾಗವೇ ಇಲ್ಲ.

ಮೀನಿನ ಮೇಲೆ ಇಷ್ಟು ಕರುಣೆ ಇರುವವನು ಪರೀಕ್ಷೆಯ ಹೆಸರಿನಲ್ಲಿ ಅವನ್ನು ಕೊಲ್ಲುವುದು ಯಾಕೆ ಎಂದು ಕೇಳುವವರೂ ನನ್ನ ಪಟ್ಟಿಯಲ್ಲಿ ಇದ್ದಾರೆ. ಕರುಣೆಯ ಮಾತು ಬಿಡಿ, ಭಾನುವಾರ ನಮ್ಮನೆಯಲ್ಲಿ ಮೀನುಸಾರಿಲ್ಲದೆ ಊಟವಿಲ್ಲ. ಹಾಗಿದ್ದರೂ ಪರೀಕ್ಷೆಯ ಮೂರನೆಯ ದಿನ ಬೆಳಿಗ್ಗೆ ತೊಟ್ಟಿಗಳ ಕೋಣೆಯ ಬಾಗಿಲು ತೆಗೆಯುವಾಗ ಕೈ ಹಿಂದೆಗೆಯುತ್ತದೆ. ಇದನ್ನು ಸಹೋದ್ಯೋಗಿಗಳಿಗೂ ನಾನು ಹೇಳಿಕೊಂಡಿಲ್ಲ. ದಾರಿಗಳು ಬದಲಾಗುತ್ತಿವೆ: ಜೀಬ್ರಾ ಮೀನಿನ ಭ್ರೂಣಗಳಲ್ಲಿ ಮಾಡುವ ಪರೀಕ್ಷೆಗೆ 2013ರಲ್ಲಿ, ಟ್ರೌಟ್ ಮೀನಿನ ಕಿವಿರಿನ ಜೀವಕೋಶಗಳ ಮೇಲೆ ಮಾಡುವ ಪರೀಕ್ಷೆಗೆ 2021ರಲ್ಲಿ ಮಾರ್ಗಸೂಚಿ ಬಂದಿವೆ. ಆಗಲಿ, ಬೇಗ ಆಗಲಿ. ಆದರೆ ಭ್ರೂಣವಿರಲಿ, ಜೀವಕೋಶವಿರಲಿ, ಅದನ್ನು ಅದ್ದುವ ನೀರು ಯಾವುದು ಎಂದು ಕೇಳದಿದ್ದರೆ ಮತ್ತೆ ಅದೇ ರೈಟ್ ಮಾರ್ಕು ಪರದೆಯ ಮೇಲೆ ಬರುತ್ತದೆ.

ಕಾರ್ಖಾನೆಗಳಿಗಾದರೆ ಈ ದೇಶದಲ್ಲಿ ಒಂದು ನಿಯಮವಿದೆ. 1986ರ ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ, ಹೊರಬಿಡುವ ತ್ಯಾಜ್ಯ ನೀರಿಗೆ ಏನನ್ನೂ ಬೆರೆಸದೆ ಹಾಗೆಯೇ ಮೀನು ಬಿಟ್ಟರೆ 96 ಗಂಟೆಗಳ ನಂತರ ನೂರಕ್ಕೆ ತೊಂಬತ್ತು ಬದುಕಿರಬೇಕು. ಅಲ್ಲಿ ಕನಿಷ್ಠ ಯಾವ ನೀರು ಎಂಬ ಪ್ರಶ್ನೆಗೆ ಉತ್ತರವಿದೆ. ತೋಟದ ಡ್ರಮ್ಮಿನ ನೀರಿಗೆ ಅಂಥದ್ದೇನೂ ಇಲ್ಲ, ಹಳ್ಳಹಳ್ಳಕ್ಕೂ ತೊಟ್ಟಿ ಇಟ್ಟುಕೊಂಡು ಕೂರಲು ಯಾರಿಂದಲೂ ಸಾಧ್ಯವಿಲ್ಲ ಎಂಬುದೂ ನನಗೆ ಗೊತ್ತು. ಹಾಗಾಗಿ ಹಸಿರು ಮೀನಿನ ಚಿತ್ರ ಹೊತ್ತವರು ನಿಮ್ಮೂರಿಗೂ ಬಂದಾಗ, ಊಟಕ್ಕೆ ಏಳುವ ಮುಂಚೆ ಮೂರು ಮಾತು ಕೇಳಿ: ಯಾವ ಮೀನು, ಗಡಸುತನ ಎಷ್ಟಿದ್ದ ನೀರು, ಎಲ್‌ಸಿ50ರ ಅಂಕಿಯನ್ನು ಎಷ್ಟರಿಂದ ಭಾಗಿಸಿ ಸುರಕ್ಷಿತ ಎಂದಿರಿ. ಈ ಸಲ ಮದ್ದು ಹೊಡೆಸಿದ ದಿನ ಉಳಿದ ದ್ರಾವಣಕ್ಕೆ ಇನ್ನೆರಡು ಹಿಡಿ ಸುಣ್ಣ ಹಾಕಿ, ಡ್ರಮ್ಮನ್ನು ಹಳ್ಳಕ್ಕೆ ಒಯ್ಯದೆ ತೋಟದ ಮೇಲಂಚಿನ ಗುಂಡಿಯಲ್ಲಿ ತೊಳೆಸಿ. ಕೆಲಸದವರು ಗೊಣಗುತ್ತಾರೆ, ನೀರು ಹೊರಬೇಕಲ್ಲ ಎನ್ನುತ್ತಾರೆ. ಎರಡು ಕೊಡ ನೀವೇ ಹೊತ್ತು ಹಾಕಿ.