ಹೆಸರಿನ ಕೊನೆಗೊಂದು 'ಸ್'

ಲಾಟ್ವಿಯಾದ ರಾಜಧಾನಿ ರೀಗಾಗೆ ಬಂದು ಎರಡನೇ ವಾರ. ಆಫೀಸಿನ ಬಾಗಿಲ ಹತ್ತಿರ ಯಾರದು ಯಾವ ಮೇಜು ಅಂತ ಒಂದು ಪಟ್ಟಿ ಅಂಟಿಸಿದ್ದರು. ನನ್ನ ಹೆಸರಿನ ಕೊನೆಗೆ ಒಂದು 'ಸ್' ಜಾಸ್ತಿ ಇತ್ತು. ಟೈಪ್ ಮಾಡುವಾಗ ಕೈತಪ್ಪಿರಬೇಕು ಅಂದುಕೊಂಡು ಪೆನ್ನಿನಿಂದ ಹೊಡೆದು ಹಾಕಿದೆ. ಊಟ ಮುಗಿಸಿ ಬಂದು ನೋಡಿದರೆ ಯಾರೋ ಅದನ್ನು ಮತ್ತೆ ಬರೆದಿದ್ದರು.

ಪಕ್ಕದ ಮೇಜಿನವರು ನಗುತ್ತಾ ಬಿಡಿಸಿ ಹೇಳಿದರು. ಲಾಟ್ವಿಯನ್ ಭಾಷೆಯಲ್ಲಿ ಗಂಡಸಿನ ಹೆಸರಿಗೆ 'ಸ್' ಅಥವಾ ಅಂಥದೊಂದು ಬಾಲ ಇರಲೇಬೇಕಂತೆ. ವಿಭಕ್ತಿ ಹಚ್ಚಲು ಒಂದು ಹಿಡಿ ಬೇಕಲ್ಲ. ಸುರೇಶ ಬಂದರೆ ಸುರೇಶ್ಸ್. ಮೈಕಲ್ ಬಂದರೆ ಮೈಕಲ್ಸ್. ಎದುರು ನಿಂತು ಕೂಗುವಾಗ ಮಾತ್ರ ಆ 'ಸ್' ಉದುರಿ ಹೋಗುತ್ತದೆ. "ನಿಮ್ಮ ಭಾಷೆಯಲ್ಲಿ ಇಂಥದ್ದೆಲ್ಲ ಇಲ್ಲವಾ?" ಅಂದರು. ಇಲ್ಲ ಅನ್ನಲು ಬಾಯಿ ತೆರೆದವನು ಬಸ್ಸು, ಕಾರು, ಬಲ್ಬು, ಬ್ಯಾಂಕು ನೆನಪಾಗಿ ಸುಮ್ಮನಾದೆ.

"ನಮ್ಮ ಪಹರ್ಸ್‌ನನ್ನೇ ನೋಡಿ, ಅವನೂ ಹೊರಗಿನಿಂದಲೇ ಬಂದವನು" ಅಂದರು ಅವರು. ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

ಫುಟ್‌ಬಾಲ್ ಆಟಗಾರ ಮರಿಯಾನ್ಸ್ ಪಹರ್ಸ್ ಹುಟ್ಟಿದ್ದು 1976ರಲ್ಲಿ, ಉಕ್ರೇನಿನ ಚೋರ್ನೊಬಾಯ್ ಎಂಬ ಸಣ್ಣ ಊರಿನಲ್ಲಿ. ಆಗ ಉಕ್ರೇನ್, ಲಾಟ್ವಿಯಾ ಎರಡೂ ಕಡೆ ಸೋವಿಯತ್ ಆಳ್ವಿಕೆ. ದೊಡ್ಡವರ ಫುಟ್‌ಬಾಲ್ ಶುರು ಮಾಡಿದ್ದು ರೀಗಾದ ಪಾರ್‌ದೌಗವಾ ಎಂಬ ತಂಡದಲ್ಲಿ. ದೌಗವಾ ಇಲ್ಲಿಯ ನದಿ, ಪಾರ್‌ದೌಗವಾ ಅಂದರೆ ನದಿಯ ಆಚೆ ದಡ. ನಮ್ಮಲ್ಲಿ ಹೊಳೆಯಾಚೆ ಅಂತೀವಲ್ಲ, ಹಾಗೆ. ಅಲ್ಲಿಂದ ಸ್ಕೊಂಟೊ ಸೇರಿದ. ಸ್ಕೊಂಟೊ ಅಂದರೆ 1991ರಿಂದ 2004ರವರೆಗೆ ಸತತ 14 ಸಲ ಇಲ್ಲಿನ ಲೀಗ್ ಗೆದ್ದ ತಂಡ.

1999ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ಅವನನ್ನು 8 ಲಕ್ಷ ಪೌಂಡಿಗೆ ಕೊಂಡಿತು. ಅಲ್ಲಿನ ಅತಿ ಮೇಲಿನ ಡಿವಿಷನ್ನಾದ ಪ್ರೀಮಿಯರ್ ಲೀಗ್ ಆಡಿದ ಮೊದಲ ಲಾಟ್ವಿಯನ್ ಅವನು. ಸೌತಾಂಪ್ಟನ್ ಆಗ ಕೆಳಗಿನ ಡಿವಿಷನ್ನಿಗೆ ಜಾರಿಹೋಗುವ ಅಂಚಿನಲ್ಲಿತ್ತು. ಕೊನೆಯ ದಿನ, ಮೇ 16, ಎವರ್ಟನ್ ಎದುರು ಪಂದ್ಯ. ಸೌತಾಂಪ್ಟನ್ 2–0ಯಿಂದ ಗೆದ್ದಿತು. ಎರಡೂ ಗೋಲು ಪಹರ್ಸ್‌ನದು. ತಂಡ ಉಳಿಯಿತು, ಅವರ ಬದಲು ಚಾರ್ಲ್ಟನ್ ಕೆಳಗಿಳಿಯಿತು. ಆ ಊರಿಗೆ ಅವನು ಬಂದು ಎರಡು ತಿಂಗಳಷ್ಟೇ ಆಗಿತ್ತು.

ಅದಕ್ಕಿಂತ ನನಗೆ ಇಷ್ಟವಾದದ್ದು ಅದೇ ವರ್ಷ ಸೆಪ್ಟೆಂಬರ್‌ನ ಒಂದು ಗೋಲು. ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು. ಪಹರ್ಸ್ ಗಿಡ್ಡ, ಸಣಕಲು. ಎದುರಿಗೆ ಯುನೈಟೆಡ್‌ನ ಡಿಫೆಂಡರ್ ಯಾಪ್ ಸ್ಟಾಮ್, ಬೀರು ಥರದ ಆಳು. ಪಹರ್ಸ್ ಅವನ ಕಾಲುಗಳ ಮಧ್ಯೆಯೇ ಚೆಂಡು ತೂರಿಸಿ, ತಾನು ಪಕ್ಕದಿಂದ ನುಸುಳಿ ಗೋಲು ಹೊಡೆದ. ಪಂದ್ಯ 3–3 ಆಯಿತು. ಆ ಹಳೇ ವಿಡಿಯೋ ನೋಡಿ, ಸ್ಟಾಮ್ ಮುಖ ಒಂದು ಸಲ ನೋಡಿ. ಸಂತೆಯಲ್ಲಿ ಜೇಬು ಕತ್ತರಿಸಿಕೊಂಡವನ ಮುಖ. ಆ ಸೀಸನ್ನಿನಲ್ಲಿ ಪಹರ್ಸ್ ಲೀಗಿನಲ್ಲಿ 13 ಗೋಲು ಹೊಡೆದ.

ಆಮೇಲಿನದು ಅಷ್ಟು ಚೆನ್ನಾಗಿಲ್ಲ. ಪೆಟ್ಟು, ಆಪರೇಷನ್, ಮತ್ತೆ ಪೆಟ್ಟು. 2006ರಲ್ಲಿ ಸೌತಾಂಪ್ಟನ್ ಬಿಟ್ಟು ಸೈಪ್ರಸ್‌ಗೆ ಹೋದ, ಆಮೇಲೆ ವಾಪಸ್ ರೀಗಾಗೆ. 2013ರಿಂದ 2017ರವರೆಗೆ ಲಾಟ್ವಿಯಾ ತಂಡದ ಕೋಚ್ ಆಗಿದ್ದ. ದೇಶಕ್ಕಾಗಿ ಆಡಿದ ಪಂದ್ಯಗಳು 75, ಗೋಲುಗಳು 15.

ಲಾಟ್ವಿಯಾ ಫುಟ್‌ಬಾಲ್‌ನಲ್ಲಿ ಒಂದೇ ಒಂದು ಸಲ ದೊಡ್ಡ ಟೂರ್ನಿ ಆಡಿದೆ, ಯೂರೋಪಿನ ದೇಶಗಳ ನಡುವೆ ನಡೆಯುವ ಯೂರೋ, 2004ರಲ್ಲಿ. ಅದಕ್ಕೆ ಮೊದಲು ಟರ್ಕಿಯನ್ನು ದಾಟಬೇಕಿತ್ತು. 2002ರ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದಿದ್ದ ಟರ್ಕಿ ಅದು. ರೀಗಾದಲ್ಲಿ 1–0, ಇಸ್ತಾಂಬುಲ್‌ನಲ್ಲಿ 2–2. ದಾಟಿಬಿಟ್ಟರು. ಯೂರೋ ನಡೆದ ಪೋರ್ಚುಗಲ್‌ನಲ್ಲಿ ಜರ್ಮನಿಯನ್ನು 0–0ಗೆ ಹಿಡಿದು ನಿಲ್ಲಿಸಿದರು. ಆ ತಂಡದ ಹೆಸರುಗಳನ್ನು ಓದಿ: ವೆರ್ಪಕೊವ್‌ಸ್ಕಿಸ್, ಅಸ್ತಾಫ್ಯೆವ್ಸ್, ಪ್ರೊಹೊರೆಂಕೊವ್ಸ್. ಕೊನೆಯ 'ಸ್' ಒರೆಸಿದರೆ ಕೆಳಗೆ ರಷ್ಯನ್, ಉಕ್ರೇನಿಯನ್ ಹೆಸರು ಕಾಣಿಸುತ್ತದೆ. ಇಲ್ಲಿ ಯಾರೂ ಒರೆಸಿ ನೋಡಿದ್ದನ್ನು ನಾನಂತೂ ಕಂಡಿಲ್ಲ. ದೇಶದ ಜನಸಂಖ್ಯೆಯೇ ಸುಮಾರು 19 ಲಕ್ಷ. ನಮ್ಮ ಮೈಸೂರು ಜಿಲ್ಲೆಯಲ್ಲೇ ಇದಕ್ಕಿಂತ ಜಾಸ್ತಿ ಜನ ಇದ್ದಾರೆ. ಹುಟ್ಟಿದ ಊರು ಕೇಳುತ್ತಾ ಕೂತರೆ ಹನ್ನೊಂದು ಜನ ಸಿಗಬೇಕಲ್ಲ!

ಇದೆಲ್ಲ ತಲೆಯಲ್ಲಿ ಓಡಿದ್ದು 2023ರಲ್ಲಿ. ಆ ಮಾರ್ಚ್ 4ರಂದು ಕರ್ನಾಟಕ, ರಾಜ್ಯ ತಂಡಗಳು ಆಡುವ ಫುಟ್‌ಬಾಲ್ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಿತು. ಫೈನಲ್ ನಡೆದದ್ದು ಸೌದಿಯ ರಿಯಾದ್‌ನಲ್ಲಿ, ಮೇಘಾಲಯದ ಎದುರು 3–2. ಹಿಂದೆ ಗೆದ್ದದ್ದು 1968–69ರಲ್ಲಿ, ಇನ್ನೂ ಮೈಸೂರು ರಾಜ್ಯ ಅಂತಿದ್ದಾಗ. ನಾನು ಖುಷಿಯಲ್ಲಿ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಗೋಲು ಹೊಡೆದವರು ಸುನಿಲ್ ಕುಮಾರ್, ಬೆಕೆ ಓರಮ್, ರಾಬಿನ್ ಯಾದವ್. ಒಂದು ಗಂಟೆ ಯಾರೂ ಸದ್ದಿಲ್ಲ. ಆಮೇಲೆ ಚಿಕ್ಕಪ್ಪ ಒಂದೇ ಸಾಲು ಬರೆದರು: "ಇದರಲ್ಲಿ ಕನ್ನಡದವರು ಎಷ್ಟು ಜನ?"

ಚಿಕ್ಕಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಅದು ಪೂರ್ತಿ ಸುಳ್ಳು ಪ್ರಶ್ನೆಯೂ ಅಲ್ಲ. ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರದ ಗಲ್ಲಿಗಳಲ್ಲಿ ಬರಿಗಾಲಲ್ಲಿ ಆಡುವ ಹುಡುಗರಿಗೆ ಜಾಗ ಸಿಗುತ್ತಿದೆಯಾ ಅಂತ ಕೇಳಲೇಬೇಕು. ಆದರೆ ಅವರು ಕೇಳಿದ್ದು ಅದನ್ನಲ್ಲ. ಆ ಹುಡುಗರ ಮನೆಮಾತೂ ತಮಿಳೋ ಉರ್ದುವೋ ಇರಬಹುದು, ಅವರನ್ನೂ ಚಿಕ್ಕಪ್ಪ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಇದೇ ಚಿಕ್ಕಪ್ಪ ಕನ್ನಡ ಅಂದರೆ ಬೇಂದ್ರೆ, ಮಾಸ್ತಿ ಅಂತ ಕಣ್ಣು ತುಂಬಿಕೊಳ್ಳುವವರು. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಅದನ್ನು ನಾವು ಯಾವತ್ತಾದರೂ ಎಣಿಸಿದ್ದೀವಾ? ಪುಸ್ತಕದಲ್ಲಿ ಇಲ್ಲದ ಎಣಿಕೆ ಮೈದಾನದಲ್ಲಿ ಯಾಕೆ ಬರಬೇಕು ಅನ್ನುವುದು ನನಗೆ ಅರ್ಥವಾಗುವುದಿಲ್ಲ. ಓರಮ್ ಕರ್ನಾಟಕದ ಅಂಗಿ ಹಾಕಿ ಗೋಲು ಹೊಡೆದ. ಅವನು ನಮ್ಮವನು. ನನ್ನ ಲೆಕ್ಕ ಅಷ್ಟೇ.

ಅದೇ ವರ್ಷ ಮೇ 28ರಂದು ಲಾಟ್ವಿಯಾ ಐಸ್ ಹಾಕಿ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅಮೆರಿಕವನ್ನು ಸೋಲಿಸಿ ಕಂಚು ಗೆದ್ದಿತು. ನೆನಪಿರಲಿ, ಬರೀ ಕಂಚು. ಸಂಸತ್ತು ರಾತ್ರೋರಾತ್ರಿ ಸೇರಿ ಮಾರನೇ ದಿನ ರಜೆ ಅಂತ ತೀರ್ಮಾನಿಸಿತು. ಬೆಳಿಗ್ಗೆ ಎಂದಿನಂತೆ ಹೊರಟ ನನಗೆ ಅದು ಗೊತ್ತಾಗಿದ್ದು ಖಾಲಿ ಟ್ರಾಮ್ ನೋಡಿದ ಮೇಲೆ.

ಹಾಗಂತ ಇಲ್ಲಿನವರೇನು ದೇವರಲ್ಲ. ಫುಟ್‌ಬಾಲ್‌ಗಿಂತ ಹಾಕಿ, ಬ್ಯಾಸ್ಕೆಟ್‌ಬಾಲ್ ಮೇಲೇ ಇವರಿಗೆ ಪ್ರೀತಿ ಜಾಸ್ತಿ. ಸತತ 14 ಸಲ ಗೆದ್ದ ಆ ಸ್ಕೊಂಟೊ 2016ರಲ್ಲಿ ಸಾಲದಲ್ಲಿ ಮುಳುಗಿ ಮುಚ್ಚಿಹೋಯಿತು. ಇನ್ನು ಭಾಷೆ. 1991ರ ನಂತರ ಲಕ್ಷಾಂತರ ರಷ್ಯನ್ ಭಾಷಿಕರು ಪೌರತ್ವ ಇಲ್ಲದೆ, 'ಪೌರರಲ್ಲದವರು' ಅನ್ನುವ ಪಾಸ್‌ಪೋರ್ಟ್ ಹಿಡಿದು ಬದುಕಿದರು. 2012ರಲ್ಲಿ ರಷ್ಯನ್ನನ್ನು ಎರಡನೇ ಆಡಳಿತ ಭಾಷೆ ಮಾಡಬೇಕಾ ಅಂತ ಜನಮತ ನಡೆದಾಗ ಮುಕ್ಕಾಲು ಭಾಗ ಬೇಡ ಅಂದಿತು. ಈ 'ಸ್' ಕೂಡ ಬರೀ ಪ್ರೀತಿಯಲ್ಲ. ಜರ್ಮನ್ನನನ್ನು ಮದುವೆಯಾದ ಇಲ್ಲಿನ ಹೆಂಗಸೊಬ್ಬರ ಮನೆತನದ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಲಾಟ್ವಿಯನ್ ಬಾಲ ಹಚ್ಚಿ ಬರೆದಿದ್ದಕ್ಕೆ ಕೇಸು ಸ್ಟ್ರಾಸ್‌ಬರ್ಗ್‌ನ ಯೂರೋಪಿಯನ್ ಮಾನವ ಹಕ್ಕುಗಳ ಕೋರ್ಟ್‌ವರೆಗೂ ಹೋಯಿತು. ಅವರಿಗೆ ಗೆಲುವು ಸಿಗಲಿಲ್ಲ. ಭಾಷೆಯ ವಿಷಯದಲ್ಲಿ ಇವರು ನಮಗಿಂತ ಹತ್ತು ಪಟ್ಟು ಬಿಗಿ.

ನನಗೆ ಆಶ್ಚರ್ಯ ಆಗುವುದು ಅಲ್ಲೇ. ಇಷ್ಟು ಬಿಗಿ ಇರುವವರೇ ಚೋರ್ನೊಬಾಯ್‌ನ ಹುಡುಗನನ್ನು 'ನಮ್ಮ ಪಹರ್ಸ್' ಅನ್ನುತ್ತಾರೆ. ಭಾಷೆಗೆ ಷರತ್ತು ಇಟ್ಟಿದ್ದಾರೆ, ಮೈದಾನದಲ್ಲಾದರೂ ಹುಟ್ಟಿಗೆ ಇಟ್ಟಿಲ್ಲ. ಬಾಲ ಹಚ್ಚಿದರು, ಒಳಗೆ ಕರೆದುಕೊಂಡರು. ನಮ್ಮಲ್ಲಿ ಅದು ತಲೆಕೆಳಗು. ಹತ್ತು ವರ್ಷ ಬೆಂಗಳೂರಲ್ಲಿದ್ದರೂ ಕನ್ನಡ ಕಲಿಯದವರನ್ನು ಹೋಗಲಿ ಬಿಡು ಅಂತೀವಿ. ಚೆನ್ನಾಗಿ ಕಲಿತು ಮಾತಾಡುವವರನ್ನು "ಮೂಲ ಯಾವೂರು?" ಅಂತ ಕೇಳ್ತೀವಿ.

ನನ್ನ ಮಗ ಈಗ ಮನೆ ಹತ್ತಿರದ ಮೈದಾನಕ್ಕೆ ಆಡಲು ಹೋಗುತ್ತಾನೆ. ವಯಸ್ಸು ಎಂಟು. ಮೊನ್ನೆ ಅವನ ಗೆಳೆಯ ಮನೆಗೆ ಬಂದಿದ್ದಾಗ ಊರಿನಿಂದ ಅಮ್ಮ ವಿಡಿಯೋ ಕಾಲ್ ಮಾಡಿದರು. "ಪುಟ್ಟು, ಊಟ ಆಯ್ತೇನೋ?" ಅಂತ ನಾಲ್ಕು ಸಲ ಕೇಳಿದರು. ಆ ಹುಡುಗ ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಮರುದಿನ ಮೈದಾನದ ಹೊರಗೆ ಬೇಲಿ ಹಿಡಿದು ನಿಂತಿದ್ದೆ. ಅಲ್ಲಿ ಇಡೀ ತಂಡ ನನ್ನ ಮಗನಿಗೆ ಹೊಸ ಹೆಸರಿಟ್ಟಾಗಿತ್ತು, ಪುಟ್ಟುಸ್. ಪಾಸ್ ಬೇಕಾದಾಗ ಮಾತ್ರ, ವ್ಯಾಕರಣ ತಪ್ಪದೆ, 'ಸ್' ಬಿಟ್ಟು ಕೂಗುತ್ತಿದ್ದರು. "ಪುಟ್ಟು! ಪುಟ್ಟು!" ಅಂತ, ಥೇಟ್ ನಮ್ಮಮ್ಮನ ಹಾಗೆ.