ಚಿಕ್ಕ ಒಂದು ರೂಪಾಯಿ ನಾಣ್ಯ ನಕಲಿಯಲ್ಲ

ಚಿಕ್ಕ, ಹಗುರ ಒಂದು ರೂಪಾಯಿ ನಾಣ್ಯ ನಕಲಿ, ತಗೋಬೇಡಿ ಎನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಇದು ನಿಜವಲ್ಲ. ಖರ್ಚು ಉಳಿಸಲು ಸರ್ಕಾರವೇ ಲೋಹ, ಗಾತ್ರ ಎರಡನ್ನೂ ಬದಲಿಸಿದೆ. ಮೊದಲು ತಾಮ್ರ-ನಿಕ್ಕಲ್ ಮಿಶ್ರಣವಿತ್ತು. 1992ರಿಂದ ಸ್ಟೀಲ್ ಬಂತು, ತೂಕ 4.85 ಗ್ರಾಂ. 2011ರಲ್ಲಿ ಅದು 3.79 ಗ್ರಾಂಗೆ ಇಳಿಯಿತು. ಬೇಕಿದ್ದರೆ ಅಯಸ್ಕಾಂತ ಹಿಡಿದು ನೋಡಿ: ಸ್ಟೀಲಿನದು ಅಂಟಿಕೊಳ್ಳುತ್ತದೆ, 80ರ ದಶಕದ್ದು ಅಂಟುವುದಿಲ್ಲ. ಎರಡೂ ಟಂಕಸಾಲೆಯಲ್ಲೇ ಆದವು.

ಗಾತ್ರ ನೋಡಿದರೆ ಅನುಮಾನ ಬರೋದು ಸಹಜ, ಅಲ್ವಾ? ಆದರೆ ನಾಣ್ಯ ರದ್ದಾಗುವುದು ಸರ್ಕಾರದ ಅಧಿಸೂಚನೆಯಿಂದ, ದಿನಾಂಕ ಸಮೇತ. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕವು 2011ರ ಜೂನ್ 30ಕ್ಕೆ ನಿಂತದ್ದು ಹಾಗೆಯೇ. ಸಂದೇಶದಲ್ಲಿ ಅಂಥ ಆದೇಶ, ದಿನಾಂಕ ಇದೆಯಾ ನೋಡಿ. ಇಲ್ಲದಿದ್ದರೆ ರಿಸರ್ವ್ ಬ್ಯಾಂಕಿನ (ಆರ್‌ಬಿಐ) ವೆಬ್‌ಸೈಟಿನಲ್ಲಿ ನಾಣ್ಯಗಳ ಪುಟ ತೆರೆಯಿರಿ, ಅಥವಾ ನಿಮ್ಮ ಬ್ಯಾಂಕಿನ ಕೌಂಟರಿನಲ್ಲಿ ಕೇಳಿ. 50 ಪೈಸೆ ಕೂಡ ಕಾನೂನು ಪ್ರಕಾರ ಇನ್ನೂ ನಡೆಯುತ್ತದೆ.